ಭೂಮಿಯ ಕಾವೂ ನಮ್ಮ ಸೀಮೆಯ ಮೂರು ಕಲ್ಲುಗಳೂ

ನಮ್ಮ ಶಾಲೆಯ ಸ್ಮರಣಸಂಚಿಕೆಗೆ ನಾನೂ ಒಂದು ಲೇಖನವನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಲದವರು ಕೇಳಿಕೊಂಡರು. ಶಾಲೆಯ ವೃತ್ತಾಂತವನ್ನು ಬರೆಯಲು ನನಗಿಂತ ಹಿರಿಯರು ಇರುವದರಿಂದ, ಒಬ್ಬ ಪಾಲಕರಿಗೆ ನಾನು ಕೊಡದೆ ಉಳಿಸಿಕೊಂಡಿರುವ ಒಂದು ಉತ್ತರವನ್ನು ಈ ಪುಟಗಳಲ್ಲಿ ಬರೆಯುವದೇ ಯುಕ್ತವೆಂದು ನನಗೆ ತೋರಿತು.

ಹೋದ ವರ್ಷದ ಪಾಲಕರ ಸಭೆಯ ದಿನ ಒಂಬತ್ತನೆಯ ತರಗತಿಯ ಹುಡುಗಿಯರು ಭೂಮಿಯ ಉಷ್ಣಮಾನವು ಏರುತ್ತಿರುವ ವಿಷಯವಾಗಿ ಒಂದು ದೊಡ್ಡ ನಕ್ಷೆಯನ್ನು ಬರೆದು ಗೋಡೆಗೆ ತೂಗಹಾಕಿದ್ದರು. ಹುನಗುಂದದ ಕಡೆಯ ಒಬ್ಬ ಒಕ್ಕಲುತನದ ಗೃಹಸ್ಥರು ಅದರ ಮುಂದೆ ಬಹಳ ಹೊತ್ತು ನಿಂತಿದ್ದು, ಕಡೆಗೆ ನನ್ನ ಕಡೆಗೆ ತಿರುಗಿ, “ಅಕ್ಕೋರ, ಭೂಮಿತಾಯಿ ಇಂಥಾ ಬರಾ ಎಷ್ಟು ನೋಡ್ಯಾಳ, ಇಂಥಾ ಮಳಿ ಎಷ್ಟು ನೋಡ್ಯಾಳ. ಆಕಿ ತನ್ನ ತಾನ ಸುಧಾರಿಸಿಕೊಂತಾಳ ಬಿಡ್ರಿ. ಈ ಹುಡುಗೂರಿಗೆ ಯಾಕ ಅಂಜಿಕಿ ಹಾಕ್ತೀರಿ?” ಎಂದು ಕೇಳಿದರು. ಸುತ್ತಲಿದ್ದವರು ತಲೆದೂಗಿದರು. ಅಷ್ಟರಲ್ಲಿ ಸಭೆಯ ಗಂಟೆ ಬಾರಿಸಿದ್ದರಿಂದ ಮಾತು ಅಲ್ಲಿಗೇ ನಿಂತಿತು. ಆದರೆ ಮರುದಿನ ಅವರ ಮಗಳು ನನ್ನ ಕೋಣೆಯ ಬಾಗಿಲಲ್ಲಿ ಬಂದು ನಿಂತು, ತನ್ನ ತಂದೆ ಹೇಳಿದ್ದು ನಿಜವೇ ಎಂದು ಕೇಳಿದಳು. ಅರ್ಧ ನಿಜವೆಂದು ನಾನು ಹೇಳಿದೆನು. ಉಳಿದ ಅರ್ಧವನ್ನು ಅವಳಿಗೆ ತಿಳಿಸಿಹೇಳಲು ನನ್ನ ಮೇಜಿನ ಮೇಲಿರುವ ಮೂರು ಕಲ್ಲುಗಳನ್ನು ತೋರಿಸಬೇಕಾಯಿತು. ಅವುಗಳಲ್ಲಿ ಒಂದು ಇಳಕಲ್ಲಿನ ಕೆಂಪು ಗ್ರಾನೈಟ್, ಒಂದು ಬಾದಾಮಿಯ ಮರಳುಗಲ್ಲು, ಒಂದು ಬಾಗಲಕೋಟೆಯ ಸುಣ್ಣಗಲ್ಲು. ಅಂದು ಅವಳಿಗೆ ಹೇಳಿದ್ದನ್ನೇ ಇಲ್ಲಿ ಕ್ರಮವಾಗಿ ಬರೆಯುತ್ತೇನೆ.

ಮರುಪರಿಣಾಮವೆಂದರೇನು

ಒಂದು ಕಾರಣದಿಂದ ಒಂದು ಪರಿಣಾಮವು ಹುಟ್ಟಿ, ಆ ಪರಿಣಾಮವು ಹಿಂದಿರುಗಿ ಮೂಲಕಾರಣವನ್ನೇ ಹೆಚ್ಚಿಸುವದು ಇಲ್ಲವೆ ತಗ್ಗಿಸುವದು ಉಂಟು. ಇದಕ್ಕೆ ನಾವು ಮರುಪರಿಣಾಮವೆಂದು ಹೆಸರಿಡೋಣ. ಒಣಹುಲ್ಲಿಗೆ ಕಿಡಿ ಬಿದ್ದರೆ ಉರಿಯ ಕಾವಿನಿಂದ ಪಕ್ಕದ ಹಸಿಹುಲ್ಲೂ ಒಣಗಿ ಉರಿಯು ಇನ್ನಷ್ಟು ಹಬ್ಬುವದು. ಇದು ಹೆಚ್ಚಿಸುವ ಮರುಪರಿಣಾಮ. ಬೇಸಗೆಯಲ್ಲಿ ಮಣ್ಣಿನ ಗಡಿಗೆಯ ನೀರು ಕಾಯುತ್ತ ಬಂದಂತೆ ಗಡಿಗೆಯ ಮೈಯಿಂದ ಹೆಚ್ಚು ನೀರು ಆರಿ, ಆರುವಾಗ ಕಾವನ್ನು ಒಯ್ದು, ಒಳಗಿನ ನೀರನ್ನು ತಣ್ಣಗಿಡುವದು. ಇದು ತಡೆಯುವ ಮರುಪರಿಣಾಮ.

ಇಷ್ಟನ್ನು ಪಾಠಪುಸ್ತಕಗಳೂ ಹೇಳುತ್ತವೆ. ಆದರೆ ನಮ್ಮ ತಾಯಂದಿರು ಇನ್ನೂ ಒಂದು ಮಾತನ್ನು ಬಲ್ಲರು. ಅದೇ ಗಡಿಗೆ, ಅದೇ ನೀರು, ಅದೇ ಮೂಲೆ ಇದ್ದರೂ ಎಪ್ರಿಲ್ ತಿಂಗಳ ಒಣಗಾಳಿಯಲ್ಲಿ ಗಡಿಗೆಯ ನೀರು ಹಲ್ಲು ಜುಮ್ಮೆನ್ನುವಷ್ಟು ತಣ್ಣಗಿರುತ್ತದೆ. ಶ್ರಾವಣದ ಜಿಟಿಜಿಟಿ ಮಳೆಯಲ್ಲಿ ಅದು ತಣಿಯುವದೇ ಇಲ್ಲ. ಗಾಳಿಯು ತೇವದಿಂದ ತುಂಬಿದಾಗ ನೀರು ಆರಲು ಎಡೆಯಿರುವದಿಲ್ಲ. ಹೀಗೆ ಒಂದೇ ಮರುಪರಿಣಾಮವು ಸುತ್ತಲಿನ ಸ್ಥಿತಿಗೆ ತಕ್ಕಂತೆ ಒಮ್ಮೆ ಬಲವುಳ್ಳದ್ದಾಗಿಯೂ ಒಮ್ಮೆ ಬಲಹೀನವಾಗಿಯೂ ಇರುತ್ತದೆ. ಭೂಮಿಯ ಹವಾಮಾನದ ಸಂಗತಿಯೂ ಹೀಗೆಯೇ. ಅದರ ಮರುಪರಿಣಾಮಗಳ ಬಲವು ಎಂದೆಂದಿಗೂ ಒಂದೇ ಸಮನಾಗಿಲ್ಲ. ಭೂಮಿಯು ತಣಿಯುತ್ತ ಹೋದರೆ ಕೆಲವು ಬಲಗೊಳ್ಳುತ್ತವೆ. ಕಾಯುತ್ತ ಹೋದರೆ ಅವು ಕುಗ್ಗಿ, ಬೇರೆ ಕೆಲವು ತಲೆಯೆತ್ತುತ್ತವೆ. ಹುನಗುಂದದ ಆ ಗೃಹಸ್ಥರಿಗೆ ಕೊಡಬೇಕಾದ ಉತ್ತರವೆಲ್ಲ ಈ ಒಂದು ಮಾತಿನಲ್ಲಿ ಅಡಗಿದೆ.

ಭೂಮಿಯ ಮೊದಲನೆಯ ಉತ್ತರ

ಕಾದ ವಸ್ತುವು ತನ್ನ ಕಾವನ್ನು ಸುತ್ತಲೂ ಬೀರುತ್ತದೆ. ರಾತ್ರಿಯಲ್ಲಿ ಬಾದಾಮಿಯ ಬಂಡೆಗಳ ಹತ್ತಿರ ಕುಳಿತವರಿಗೆ ಇದನ್ನು ಹೇಳಬೇಕಾಗಿಲ್ಲ. ೧೮೭೯ರಲ್ಲಿ ಸ್ಟೆಫಾನ್ ಎಂಬ ಪಂಡಿತನು ಈ ಬೀರುವಿಕೆಯ ಲೆಕ್ಕವನ್ನು ಕಂಡುಹಿಡಿದನು. ಪರಿಪೂರ್ಣ ಸೊನ್ನೆಯಿಂದ, ಅಂದರೆ ಸೆಂಟಿಗ್ರೇಡ್ ಸೊನ್ನೆಗಿಂತ ೨೭೩ ಡಿಗ್ರಿ ಕೆಳಗಿನಿಂದ ಎಣಿಸಿದ ಉಷ್ಣಮಾನವು ನೂರಕ್ಕೆ ಒಂದು ಪಾಲು ಏರಿದರೆ ಹೊರಬೀಳುವ ಕಾವು ನೂರಕ್ಕೆ ಸುಮಾರು ನಾಲ್ಕು ಪಾಲು ಏರುವದು. ಭೂಮಿಯು ಸ್ವಲ್ಪ ಹೆಚ್ಚು ಕಾದರೆ ಅದಕ್ಕಿಂತ ಹೆಚ್ಚಿನ ಪ್ರಮಾಣದಲ್ಲಿ ಆಕಾಶಕ್ಕೆ ಕಾವನ್ನು ತೂರಿಬಿಡುವದೆಂದು ಇದರಿಂದ ತಿಳಿಯುವದು. ಭೂಮಿಯು ನಿಂತಿರುವದು ಈ ಮೊದಲನೆಯ ತಡೆಯ ಮೇಲೆ. ಇದು ಕೂಡ ಕಾದ ಭೂಮಿಯಲ್ಲಿ ಬಲವಾಗಿಯೂ ತಣಿದ ಭೂಮಿಯಲ್ಲಿ ಮೃದುವಾಗಿಯೂ ಇರುತ್ತದೆ.

ಆದರೆ ಭೂಮಿಯು ಬರಿಮೈಯಲ್ಲಿಲ್ಲ. ವಾಯುವೆಂಬ ಹೊದಿಕೆಯನ್ನು ಹೊದ್ದಿದೆ. ೧೮೫೬ರಲ್ಲಿ ಅಮೇರಿಕೆಯ ಯೂನಿಸ್ ಫೂಟ್ ಎಂಬ ಸ್ತ್ರೀಯು ಗಾಜಿನ ನಳಿಗೆಗಳಲ್ಲಿ ಬೇರೆ ಬೇರೆ ವಾಯುಗಳನ್ನು ತುಂಬಿ, ಅವುಗಳಲ್ಲಿ ಉಷ್ಣಮಾಪಕಗಳನ್ನಿಟ್ಟು, ಬಿಸಿಲಿಗೆ ಹಿಡಿದು ನೋಡಿದಳು. ತೇವದ ಗಾಳಿಯು ಒಣಗಾಳಿಗಿಂತಲೂ, ಇಂಗಾಲಾಮ್ಲ ವಾಯುವು ಎಲ್ಲಕ್ಕಿಂತಲೂ ಹೆಚ್ಚು ಕಾದದ್ದನ್ನು ಕಂಡು, ಈ ವಾಯುವು ಹೆಚ್ಚಿದ್ದ ಕಾಲದಲ್ಲಿ ಭೂಮಿಯೂ ಹೆಚ್ಚು ಬಿಸಿಯಾಗಿದ್ದಿರಬೇಕೆಂದು ಬರೆದಳು. ಆಕೆಯ ಲೇಖನವನ್ನು ವಿದ್ವತ್ಸಭೆಯಲ್ಲಿ ಓದಿದವನು ಒಬ್ಬ ಗಂಡಸು. ಆಕೆಯ ಹೆಸರು ನೂರಕ್ಕೆ ಮಿಕ್ಕಿ ವರ್ಷಗಳ ವರೆಗೆ ಮರೆಯಾಗಿಯೇ ಇತ್ತು. ನಮ್ಮ ಹುಡುಗಿಯರು ಅದನ್ನು ನೆನಪಿನಲ್ಲಿಡಬೇಕೆಂದು ಇಲ್ಲಿ ಬರೆದಿದ್ದೇನೆ. ಇಂದಿನ ಪಾಠಗಳಲ್ಲಿ ಕಾರ್ಬನ್ ಡೈ ಆಕ್ಸೈಡ್ ಎಂದು ಕರೆಯುವದು ಈ ಇಂಗಾಲಾಮ್ಲ ವಾಯುವನ್ನೇ. ಇದೂ ನೀರಿನ ಆವಿಯೂ ಸೇರಿದ ಹೊದಿಕೆ ಇಲ್ಲದಿದ್ದರೆ ಭೂಮಿಯ ಸರಾಸರಿ ಉಷ್ಣಮಾನವು ಸೊನ್ನೆಗಿಂತ ಸುಮಾರು ೧೮ ಡಿಗ್ರಿ ಕೆಳಗೆ ಇರುತ್ತಿತ್ತು. ಹೊದಿಕೆಯಿಂದಾಗಿ ಅದು ಸುಮಾರು ೧೫ ಡಿಗ್ರಿಗೆ ಬಂದು ನಿಂತಿದೆ.

ತಣಿಯುವ ಭೂಮಿ

ಈಗ ಭೂಮಿಯು ತಣಿಯತೊಡಗಿತೆಂದು ಭಾವಿಸೋಣ. ಧ್ರುವಗಳ ಹತ್ತಿರ ಹಿಮವು ಹಬ್ಬುವದು. ತೆರೆದ ಸಮುದ್ರವು ತನ್ನ ಮೇಲೆ ಬಿದ್ದ ಬಿಸಿಲಿನಲ್ಲಿ ನೂರಕ್ಕೆ ಆರೇಳು ಪಾಲನ್ನು ಮಾತ್ರ ಹಿಂದಕ್ಕೆ ಕಳಿಸಿ ಉಳಿದದ್ದನ್ನು ಹೀರಿಕೊಳ್ಳುವದು. ಹೊಸದಾಗಿ ಬಿದ್ದ ಹಿಮವಾದರೋ ನೂರಕ್ಕೆ ಎಂಬತ್ತಕ್ಕಿಂತ ಹೆಚ್ಚು ಪಾಲನ್ನು ತಿರುಗಿ ಎಸೆಯುವದು. ಬಿಳಿಯ ಸುಣ್ಣ ಬಳಿದ ಮಾಳಿಗೆಯು ಕರಿಮಣ್ಣಿನ ಮಾಳಿಗೆಗಿಂತ ತಂಪಾಗಿರುವದು ಇದೇ ಕಾರಣದಿಂದ. ಹೀಗೆ ಹಿಮ ಹೆಚ್ಚಿದರೆ ತಂಪು ಹೆಚ್ಚುವದು. ತಂಪು ಹೆಚ್ಚಿದರೆ ಹಿಮವು ಮತ್ತೂ ಹೆಚ್ಚುವದು.

ಈ ಮರುಪರಿಣಾಮದ ಬಲವು ಹಿಮದ ಅಂಚು ಎಲ್ಲಿದೆಯೆಂಬದರ ಮೇಲೆ ನಿಂತಿದೆ. ಧ್ರುವದ ಹತ್ತಿರ ನೆಲವೂ ಕಡಿಮೆ, ಬಿಸಿಲೂ ಓರೆ. ಅಲ್ಲಿ ಹಿಮವು ಸ್ವಲ್ಪ ಹಬ್ಬಿದರೆ ಆಗುವ ನಷ್ಟ ಅಲ್ಪ. ಅಂಚು ಸಮಭಾಜಕ ರೇಖೆಯ ಕಡೆಗೆ ಸರಿದಂತೆಲ್ಲ ಪ್ರತಿಯೊಂದು ಹೆಜ್ಜೆಯಲ್ಲಿಯೂ ಹೆಚ್ಚು ಅಗಲವಾದ ಪಟ್ಟಿಯು, ಅದೂ ಹೆಚ್ಚು ನೇರವಾದ ಬಿಸಿಲಿನದು, ಬಿಳಿಯಾಗುವದು. ಗೋಲದ ಅರ್ಧ ಮೈಯು ೩೦ನೆಯ ಅಕ್ಷಾಂಶಗಳ ನಡುವೆಯೇ ಇದೆಯೆಂದು ಭೂಗೋಲದ ತರಗತಿಯಲ್ಲಿ ಕಲಿತದ್ದನ್ನು ಹಳೆಯ ವಿದ್ಯಾರ್ಥಿನಿಯರು ನೆನೆದುಕೊಳ್ಳಬಹುದು. ೧೯೬೯ರಲ್ಲಿ ರಷ್ಯದ ಬುಡಿಕೊ, ಅಮೇರಿಕೆಯ ಸೆಲ್ಲರ್ಸ್ ಎಂಬಿಬ್ಬರು ಬೇರೆ ಬೇರೆಯಾಗಿ ಇದನ್ನು ಲೆಕ್ಕಮಾಡಿ, ಹಿಮವು ಒಂದು ಗೆರೆಯನ್ನು ದಾಟಿ ಕೆಳಗಿಳಿದರೆ ಮುಂದೆ ತಾನಾಗಿ ನಿಲ್ಲದೆ ಭೂಮಿಯನ್ನೆಲ್ಲ ಮುಚ್ಚುವದೆಂದು ತೋರಿಸಿದರು. ಆ ಗೆರೆಯು ಸುಮಾರು ೩೦ನೆಯ ಅಕ್ಷಾಂಶದ ಹತ್ತಿರ ಇರಬಹುದೆಂದು ಆ ಬಳಿಕದ ಲೆಕ್ಕಗಳು ಹೇಳುತ್ತವೆ.

ಇದು ಬರಿಯ ಲೆಕ್ಕವಲ್ಲ. ಸುಮಾರು ೭೨ ಕೋಟಿ ವರ್ಷಗಳಿಂದ ೬೩ ಕೋಟಿ ವರ್ಷಗಳ ಹಿಂದಿನ ವರೆಗಿನ ಅವಧಿಯಲ್ಲಿ ಎರಡು ಸಾರೆ ಹಿಮವು ಉಷ್ಣವಲಯದ ಸಮುದ್ರದಂಡೆಗಳಿಗೂ ಬಂದಿತ್ತೆಂಬದಕ್ಕೆ ಕಲ್ಲುಗಳಲ್ಲಿ ಗುರುತುಗಳಿವೆ. ಮೊದಲನೆಯ ಸಾರೆಯ ಹಿಮವು ೫ ಕೋಟಿ ವರ್ಷಗಳಿಗೂ ಮಿಕ್ಕಿ ಉಳಿಯಿತು. ಬಾಗಲಕೋಟೆಯು ಇಂದು ೧೬ನೆಯ ಅಕ್ಷಾಂಶದಲ್ಲಿದೆ. ಅಂದು ನಮ್ಮ ನೆಲವು ಭೂಗೋಲದ ಬೇರೆ ಕಡೆಯಲ್ಲಿದ್ದಿತಾದರೂ, ಇಂಥ ಅಕ್ಷಾಂಶದವರೆಗೂ ಹಿಮವು ಇಳಿದಿತ್ತೆಂದರೆ ಅದರ ಬಲವೆಷ್ಟೆಂಬದನ್ನು ಊಹಿಸಿಕೊಳ್ಳಬಹುದು. ನಮಗೆ ಹತ್ತಿರದ ಹಿಮಯುಗವು ಇಷ್ಟು ಉಗ್ರವಾಗಿರಲಿಲ್ಲ. ಸುಮಾರು ೨೧ ಸಾವಿರ ವರ್ಷಗಳ ಹಿಂದೆ ಭೂಮಿಯ ಸರಾಸರಿ ಉಷ್ಣಮಾನವು ಯಂತ್ರಯುಗಕ್ಕೆ ಹಿಂದಿನದಕ್ಕಿಂತ ೫ರಿಂದ ೭ ಡಿಗ್ರಿಗಳಷ್ಟೇ ಕಡಿಮೆಯಿತ್ತು. ಅಷ್ಟರಿಂದಲೇ ಕೆನಡಾ ದೇಶವೂ ಉತ್ತರ ಯೂರೋಪೂ ಹಿಮದಡಿಯಲ್ಲಿ ಹೂತಿದ್ದವು.

ಪೂರ್ತಿ ಮುಚ್ಚಿಹೋದ ಭೂಮಿಯನ್ನು ಬಿಡಿಸಿದವರಾರು? ಉತ್ತರವು ನನ್ನ ಮೇಜಿನ ಮೇಲಿನ ಕಲ್ಲುಗಳಲ್ಲಿದೆ.

ಮೂರು ಕಲ್ಲುಗಳ ಸಾಕ್ಷಿ

ಮೂರು ಕಲ್ಲುಗಳ ಮೇಲೂ ಒಂದೊಂದು ಹನಿ ಲಿಂಬೆಯ ರಸವನ್ನು ಹಾಕಿರಿ. ಇಳಕಲ್ಲಿನ ಗ್ರಾನೈಟ್ ಸುಮ್ಮನಿರುವದು. ಬಾದಾಮಿಯ ಮರಳುಗಲ್ಲೂ ಸುಮ್ಮನಿರುವದು. ಬಾಗಲಕೋಟೆಯ ಸುಣ್ಣಗಲ್ಲಿನ ಮೇಲೆ ಮಾತ್ರ ಸಣ್ಣಗೆ ನೊರೆಯೇಳುವದು. ಆ ನೊರೆಯ ಗುಳ್ಳೆಗಳಲ್ಲಿರುವದು ಯೂನಿಸ್ ಫೂಟಳ ನಳಿಗೆಯಲ್ಲಿದ್ದ ಅದೇ ಇಂಗಾಲಾಮ್ಲ ವಾಯು. ನೂರು ಕೋಟಿ ವರ್ಷಗಳಿಗೂ ಹೆಚ್ಚು ಕಾಲ ಕಲ್ಲಿನೊಳಗೆ ಸೆರೆಯಲ್ಲಿದ್ದು, ನಮ್ಮ ಲಿಂಬೆಹಣ್ಣಿನಿಂದ ಬಿಡುಗಡೆ ಹೊಂದಿತು.

ಅದು ಕಲ್ಲಿನೊಳಗೆ ಹೋದ ಬಗೆ ಹೇಗೆಂದರೆ: ಮಳೆಯ ನೀರು ಗಾಳಿಯಲ್ಲಿಯ ಇಂಗಾಲಾಮ್ಲ ವಾಯುವನ್ನು ಕರಗಿಸಿಕೊಂಡು ಅತ್ಯಲ್ಪ ಹುಳಿಯಾಗುತ್ತದೆ. ಆ ಹುಳಿನೀರು ಗ್ರಾನೈಟ್ ಮೊದಲಾದ ಕಲ್ಲುಗಳಲ್ಲಿಯ ಫೆಲ್ಸ್ಪಾರ್ ಎಂಬ ಖನಿಜವನ್ನು ಮೆಲ್ಲಗೆ ಕೊರೆದು ಜೇಡಿಮಣ್ಣಾಗಿ ಮಾಡುವದು. ಕಲ್ಲಿನಲ್ಲಿದ್ದ ಸುಣ್ಣದಂಶವು ನೀರಿನಲ್ಲಿ ಕರಗಿ ನದಿಯನ್ನೂ ಸಮುದ್ರವನ್ನೂ ಸೇರಿ, ಅಲ್ಲಿ ಇಂಗಾಲಾಮ್ಲದೊಡನೆ ಕೂಡಿ ಸುಣ್ಣಗಲ್ಲಾಗಿ ತಳಕ್ಕೆ ಕೂಡುವದು. ಬೆಣಚಿನ ಕಣಗಳು ಮಾತ್ರ ಯಾವ ಹುಳಿಗೂ ಜಗ್ಗದೆ ಮರಳಾಗಿ ಉಳಿದು ಮರಳುಗಲ್ಲಾಗುವವು. ಇಳಕಲ್ಲಿನ ಗ್ರಾನೈಟ್ ಕರಗುವ ಕಲ್ಲು. ಬಾದಾಮಿಯದು ಕರಗದೆ ಉಳಿದದ್ದು ಗಟ್ಟಿಯಾದ ಕಲ್ಲು. ಬಾಗಲಕೋಟೆಯದು ಕರಗಿಹೋದದ್ದು ಮರಳಿ ಕೂಡಿದ ಕಲ್ಲು. ಗ್ರಾನೈಟಿನಲ್ಲಿ ಸುಣ್ಣದಂಶ ಕಡಿಮೆ, ನಮ್ಮ ಉತ್ತರಕ್ಕಿರುವ ಕರಿಯ ಬಸಾಲ್ಟಿನಲ್ಲಿ ಹೆಚ್ಚು. ಆದರೂ ಕೆಲಸದ ರೀತಿ ಒಂದೇ. ಹುನಗುಂದದ ಎರೆಹೊಲವನ್ನು ಅಗಿದರೆ ಸಿಗುವ ಬಿಳಿಯ ಸುಣ್ಣದ ಹರಳುಗಳೂ ಇದೇ ಕುಲದವು.

ನಮ್ಮ ಸೀಮೆಯ ಈ ಕಲ್ಲುಗಳ ಪದರಗಳನ್ನು ಮೊದಲು ವಿಂಗಡಿಸಿ ಬರೆದವನು ಭೂಗರ್ಭ ಸಂಶೋಧನ ಖಾತೆಯ ರಾಬರ್ಟ್ ಬ್ರೂಸ್ ಫೂಟ್. ಅವನು ೧೮೭೬ರ ತನ್ನ ಗ್ರಂಥದಲ್ಲಿ ಇವುಗಳಿಗೆ ಅಂದಿನ ಜಿಲ್ಲಾಸ್ಥಳವಾದ ಕಲಾದಗಿಯ ಹೆಸರನ್ನೇ ಇಟ್ಟನು. ಲೋಕದ ಭೂಗರ್ಭಶಾಸ್ತ್ರಜ್ಞರು ಇಂದಿಗೂ ಅದೇ ಹೆಸರಿನಿಂದ ಇವನ್ನು ಕರೆಯುತ್ತಾರೆ. ಇವುಗಳಲ್ಲಿ ಬಾಗಲಕೋಟೆಯ ಕಲ್ಲುಗಳು ಹಳೆಯವು. ಬಾದಾಮಿಯ ಮರಳುಗಲ್ಲು ಅವುಗಳ ಮೇಲೆ ಆಮೇಲೆ ಕೂಡಿದ್ದು. ಶಂಖ ಚಿಪ್ಪುಗಳ ಜೀವಿಗಳು ಹುಟ್ಟುವದಕ್ಕೆ ಎಷ್ಟೋ ಮುಂಚಿನ ಸಮುದ್ರದಲ್ಲಿ ಪಾಚಿಯಂಥ ಸೂಕ್ಷ್ಮಜೀವಿಗಳು ಹಾಸುಹಾಸಾಗಿ ಬೆಳೆದ ಗುರುತುಗಳು ಲೋಕಾಪುರದ ಕಡೆಯ ಕಲ್ಲುಗಳಲ್ಲಿ ಮಡಿಕೆ ಮಡಿಕೆಯಾಗಿ ಕಾಣುತ್ತವೆ.

ಸೆರೆಯಲ್ಲಿರುವ ವಾಯುವಿನ ತೂಕವನ್ನು ತಿಳಿಯಲು ಸುಣ್ಣದ ಭಟ್ಟಿಯವರನ್ನು ಕೇಳಬೇಕು. ನೂರು ಸೇರು ಶುದ್ಧವಾದ ಸುಣ್ಣಗಲ್ಲನ್ನು ಸುಟ್ಟರೆ ೫೬ ಸೇರು ಸುಣ್ಣ ಉಳಿಯುವದು. ಉಳಿದ ೪೪ ಸೇರು ಇಂಗಾಲಾಮ್ಲ ವಾಯುವಾಗಿ ಹಾರಿಹೋಗುವದು. ಆ ಸುಣ್ಣದ ತಿಳಿನೀರಿನಲ್ಲಿ ನಾವು ಕೊಳವೆಯಿಂದ ಊದಿದರೆ ಅದು ಹಾಲಿನಂತಾಗುವದನ್ನು ನಮ್ಮ ಪ್ರಯೋಗಶಾಲೆಯಲ್ಲಿ ಕಲಿತವರೆಲ್ಲ ಕಂಡಿದ್ದಾರೆ. ನಮ್ಮ ಉಸಿರು ಅಲ್ಲಿ ಮರಳಿ ಕಲ್ಲಾಗುತ್ತದೆ. ಭೂಮಿಯ ಸುಣ್ಣಗಲ್ಲುಗಳಲ್ಲಿ ಅಡಗಿರುವ ಇಂಗಾಲಾಮ್ಲವನ್ನೆಲ್ಲ ಹೊರಕ್ಕೆ ಬಿಟ್ಟರೆ ಅದು ಶುಕ್ರಗ್ರಹದ ವಾಯುವಿನಲ್ಲಿರುವಷ್ಟೇ ಆಗಬಹುದೆಂದು ಲೆಕ್ಕಹಾಕಿದ್ದಾರೆ. ಶುಕ್ರದ ನೆಲವು ೪೬೦ ಡಿಗ್ರಿಗಳಷ್ಟು ಕಾದಿದೆ. ಅಲ್ಲಿ ಸೀಸವೂ ಕರಗುವದು. ನಮ್ಮಲ್ಲಿ ಅದೇ ವಾಯುವು ಕಲ್ಲಾಗಿ ಕಾಲಕೆಳಗೆ ಬಿದ್ದಿರುವದರಿಂದ ನಾವು ತಂಪಾಗಿ ಉಸಿರಾಡುತ್ತೇವೆ.

ಈ ಕಲ್ಲಿನ ಕೆಲಸವೂ ಒಂದು ಮರುಪರಿಣಾಮವೆಂದು ೧೯೮೧ರಲ್ಲಿ ವಾಕರ್, ಹೇಸ್, ಕಾಸ್ಟಿಂಗ್ ಎಂಬ ಮೂವರು ಸ್ಪಷ್ಟಪಡಿಸಿದರು. ಭೂಮಿಯು ಕಾದರೆ ಮಳೆ ಹೆಚ್ಚುವದು, ಕಲ್ಲು ಬೇಗ ಕರಗುವದು, ಹೊದಿಕೆಯ ವಾಯು ಕಡಿಮೆಯಾಗುವದು, ಭೂಮಿಯು ತಣಿಯುವದು. ಭೂಮಿಯು ತಣಿದರೆ ಕಲ್ಲು ಕರಗುವದು ನಿಧಾನವಾಗಿ, ಜ್ವಾಲಾಮುಖಿಗಳು ಹೊರಹಾಕಿದ ವಾಯುವು ಖರ್ಚಾಗದೆ ಕೂಡುತ್ತ ಹೋಗಿ ಹೊದಿಕೆಯು ದಪ್ಪವಾಗುವದು. ಪೂರ್ತಿ ಹಿಮ ಮುಚ್ಚಿದಾಗಲಂತೂ ಕಲ್ಲುಗಳೆಲ್ಲ ಹಿಮದಡಿಯಲ್ಲಿದ್ದು ಕರಗುವ ಕೆಲಸವು ಹೆಚ್ಚುಕಡಿಮೆ ನಿಂತೇಹೋಯಿತು. ಲಕ್ಷ ಲಕ್ಷ ವರ್ಷಗಳ ವರೆಗೆ ಕೂಡಿದ ವಾಯುವಿನ ಕಾವೇ ಕಡೆಗೆ ಹಿಮವನ್ನು ಕರಗಿಸಿತು. ಆ ಹಿಮಯುಗದ ಪದರಗಳ ಮೇಲೆ ಲೋಕದ ಹಲವು ದೇಶಗಳಲ್ಲಿ ಒಮ್ಮಿಂದೊಮ್ಮೆ ಸುಣ್ಣಗಲ್ಲಿನ ಹೊದಿಕೆಯು ಕಾಣಬರುವದು. ಬಿಡುಗಡೆಯಾದ ಮೇಲೆ ಕಲ್ಲುಗಳು ಭರದಿಂದ ಕೆಲಸಕ್ಕೆ ತೊಡಗಿದವೆಂಬದಕ್ಕೆ ಇದು ಸಾಕ್ಷಿ.

ನಮ್ಮ ದೇಶವೂ ಇದರಲ್ಲಿ ಪಾಲುಗೊಂಡಂತಿದೆ. ಸುಮಾರು ೬ ಕೋಟಿ ೬೦ ಲಕ್ಷ ವರ್ಷಗಳ ಹಿಂದೆ ಉಕ್ಕಿ ಹರಿದ ದಖ್ಖನಿನ ಬಸಾಲ್ಟ್, ಹಿಂದುಸ್ಥಾನವು ಉತ್ತರಕ್ಕೆ ಸಾಗುತ್ತ ಮಳೆ ಬಹಳವುಳ್ಳ ಸಮಭಾಜಕ ಪಟ್ಟಿಯನ್ನು ಹಾಯುವಾಗ ವೇಗವಾಗಿ ಕರಗಿ, ಮುಂದೆ ಭೂಮಿಯು ತಣಿಯಲು ನೆರವಾಯಿತೆಂದು ಕೆಲವು ಪಂಡಿತರ ಅಭಿಪ್ರಾಯ. ನಮ್ಮ ಎರೆಮಣ್ಣು ಅಂಥ ಕೆಲಸದ ಉಳಿಕೆಯೆಂದರೆ ತಪ್ಪಾಗದು.

ಇಷ್ಟನ್ನು ಕೇಳಿದ ಹುಡುಗಿಯ ಮುಖವು ಅರಳಿತು. ತನ್ನ ತಂದೆಯ ಮಾತು ನಿಜವಾಯಿತಲ್ಲಾ ಎಂದು ಅವಳ ಸಂತೋಷ. ನಿಜವೇ, ಭೂಮಿಯು ತನ್ನನ್ನು ತಾನು ಸರಿಪಡಿಸಿಕೊಳ್ಳುತ್ತದೆ. ಆದರೆ ಮುಂದಿನ ಭಾಗವೂ ಇದೆ.

ಕಾಯುವ ಭೂಮಿ

ಭೂಮಿಯು ಕಾಯುತ್ತ ಹೋದರೆ ಹಿಮದ ಮರುಪರಿಣಾಮವು ಮೆಲ್ಲಮೆಲ್ಲನೆ ಕುಂದುವದು. ಹಿಮವೇ ತೀರಿದ ಮೇಲೆ ಅದಕ್ಕೆ ಮಾಡುವ ಕೆಲಸವಿಲ್ಲ. ಆದರೆ ಅದು ತೀರುವ ವರೆಗೆ ತನ್ನ ಪಾಲಿನ ಕಾವನ್ನು ಸೇರಿಸುತ್ತಲೇ ಇರುವದು. ೧೯೭೯ರಿಂದ ಉಪಗ್ರಹಗಳು ಅಳೆಯುತ್ತ ಬಂದಂತೆ ಉತ್ತರಧ್ರುವ ಸಮುದ್ರದ ಬೇಸಗೆಯ ಹಿಮವು ಬಹಳವಾಗಿ ಕುಗ್ಗಿದೆ.

ಅದರ ಬದಲಿಗೆ ನೀರಿನ ಆವಿಯು ಬಲಗೊಳ್ಳುವದು. ಗಾಳಿಯ ಉಷ್ಣಮಾನವು ಒಂದು ಡಿಗ್ರಿ ಏರಿದರೆ ಅದು ಹಿಡಿಯಬಲ್ಲ ಆವಿಯು ನೂರಕ್ಕೆ ಸುಮಾರು ಏಳು ಪಾಲು ಹೆಚ್ಚುವದು. ಆವಿಯೂ ಹೊದಿಕೆಯೇ ಆದ್ದರಿಂದ ಅದು ಮತ್ತಷ್ಟು ಕಾವನ್ನು ತಡೆದಿಡುವದು. ಈ ಏಳು ಪಾಲು ಸರಳಬಡ್ಡಿಯಂತಲ್ಲ, ಚಕ್ರಬಡ್ಡಿಯಂತೆ ಬೆಳೆಯುವದು. ಹತ್ತು ಡಿಗ್ರಿ ಏರುವಷ್ಟರಲ್ಲಿ ಆವಿಯು ಇಮ್ಮಡಿಯಾಗುವದು. ಸಾಲದ ಬಡ್ಡಿಯನ್ನು ಕಂಡ ಮನೆಗಳಲ್ಲಿ ಇದನ್ನು ವಿವರಿಸಬೇಕಾಗಿಲ್ಲ. ತಣಿದ ಭೂಮಿಯಲ್ಲಿ ಆವಿ ಕಡಿಮೆಯಾದ್ದರಿಂದ ಈ ಮರುಪರಿಣಾಮವು ಬಲಹೀನ; ಕಾದ ಭೂಮಿಯಲ್ಲಿ ಅದೇ ಮುಖ್ಯವಾದದ್ದು.

ಮೋಡಗಳ ಲೆಕ್ಕವು ಎಲ್ಲಕ್ಕಿಂತ ಕಠಿಣ. ಸಮುದ್ರದ ಮೇಲೆ ತಗ್ಗಿನಲ್ಲಿರುವ ದಟ್ಟವಾದ ಮೋಡವು ಕೊಡೆಯಂತೆ ನೆರಳು ಕೊಡುವದು. ಎತ್ತರದ ತೆಳುಮೋಡವು ದುಪ್ಪಟಿಯಂತೆ ಕಾವನ್ನು ಹಿಡಿಯುವದು. ಭೂಮಿಯು ಕಾದಂತೆ ತಗ್ಗಿನ ಮೋಡಗಳು ವಿರಳವಾಗಿ ಕೊಡೆಯಲ್ಲಿ ತೂತು ಬೀಳುವ ಸಂಭವವೇ ಹೆಚ್ಚೆಂದು ಇಂದಿನ ಲೆಕ್ಕಗಳು ತೋರಿಸುತ್ತವೆ. ಸುಮಾರು ೫ ಕೋಟಿ ವರ್ಷಗಳ ಹಿಂದೆ ಭೂಮಿಯು ಯಂತ್ರಯುಗಕ್ಕೆ ಹಿಂದಿನದಕ್ಕಿಂತ ೧೦ರಿಂದ ೧೬ ಡಿಗ್ರಿಗಳಷ್ಟು ಬಿಸಿಯಾಗಿತ್ತು. ಧ್ರುವಗಳಲ್ಲಿ ಹಿಮದ ರಾಶಿಗಳಿರಲಿಲ್ಲ, ಕೆನಡಾದ ಉತ್ತರದ ತುದಿಯಲ್ಲಿ ಮೊಸಳೆಯ ಜಾತಿಯ ಪ್ರಾಣಿಗಳಿದ್ದವು. ಅಷ್ಟು ಕಾವಿಗೆ ಇಂಗಾಲಾಮ್ಲ ವಾಯುವೊಂದೇ ಸಾಲದೆ, ಬಿಸಿಯಾದ ಭೂಮಿಯಲ್ಲಿ ಮೋಡಗಳ ಮರುಪರಿಣಾಮವೂ ಬಲಗೊಂಡಿದ್ದಿರಬೇಕೆಂದು ಆ ಕಾಲವನ್ನು ಲೆಕ್ಕಮಾಡಿ ನೋಡಿದವರು ಹೇಳುತ್ತಾರೆ.

ಇದಕ್ಕೆ ಕೊನೆಯೆಲ್ಲಿ? ೧೯೦೬ರಲ್ಲಿ ಹಿಂದುಸ್ಥಾನದ ಹವಾಮಾನ ಖಾತೆಯನ್ನು ಸೇರಿ ಸಿಮ್ಲೆಯಲ್ಲಿ ಕೆಲಸಮಾಡಿದ ಜಾರ್ಜ್ ಸಿಂಪ್ಸನ್ ಎಂಬವನು ಮುಂದೆ ೧೯೨೮ರಲ್ಲಿ ಒಂದು ವಿಚಿತ್ರವಾದ ಸಂಗತಿಯನ್ನು ಕಂಡನು. ಆವಿಯಿಂದ ತುಂಬಿದ ವಾಯುಗೋಲವು ಹೊರಬಿಡಬಲ್ಲ ಕಾವಿಗೆ ಒಂದು ಮಿತಿಯುಂಟು. ನೆಲವು ಎಷ್ಟು ಕಾದರೂ ಆ ಮಿತಿಯನ್ನು ಅದು ಮೀರದು. ಮೊದಲನೆಯ ಉತ್ತರವೆಂದು ನಾನು ಮೇಲೆ ಬರೆದ ತಡೆಯು ಅಲ್ಲಿ ಕೈಸೋಲುವದು. ಶ್ರಾವಣದ ಗಡಿಗೆಯಂತೆ ಅದು ತಣಿಸಲಾರದಾಗುವದು. ಮಿತಿಗಿಂತ ಹೆಚ್ಚು ಬಿಸಿಲು ಬಿದ್ದರೆ ಸಮುದ್ರಗಳೇ ಆರಿಹೋಗುವವು. ಶುಕ್ರಗ್ರಹವು ತನ್ನ ನೀರನ್ನು ಕಳೆದುಕೊಂಡದ್ದು ಹೀಗಿರಬಹುದೆಂದು ೧೯೬೯ರಲ್ಲಿ ಇಂಗರ್ಸಾಲ್ ಎಂಬವನು ವಿವರಿಸಿದನು. ಭೂಮಿಗೆ ಈಗ ಬೀಳುವ ಬಿಸಿಲು ಆ ಮಿತಿಗಿಂತ ಕಡಿಮೆಯಿದೆ. ಕಲ್ಲಿದ್ದಲು ಎಣ್ಣೆಗಳನ್ನು ಸುಟ್ಟಮಾತ್ರಕ್ಕೆ ನಮಗೆ ಶುಕ್ರದ ಗತಿ ಬಾರದು. ಹುಡುಗಿಯರಿಗೆ ಇಲ್ಲದ ಅಂಜಿಕೆಯನ್ನು ಹಾಕಬಾರದೆಂಬ ಪಾಲಕರ ಮಾತನ್ನು ಈ ಮಟ್ಟಿಗೆ ನಾನು ಒಪ್ಪುತ್ತೇನೆ.

ನಮ್ಮ ಕಾಲದ ಲೆಕ್ಕ

ಹಾಗಾದರೆ ಚಿಂತೆಯೇಕೆ? ಚಿಂತೆಯು ವೇಳೆಯದು. ಯಂತ್ರಯುಗಕ್ಕೆ ಮುಂಚೆ ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ ಇಂಗಾಲಾಮ್ಲ ವಾಯುವು ಸುಮಾರು ೨೮೦ ಪಾಲು ಇದ್ದಿತು. ಈಗ ಅದು ೪೨೦ನ್ನು ದಾಟಿದೆ. ೨೦೧೧ರಿಂದ ೨೦೨೦ರ ವರೆಗಿನ ಹತ್ತು ವರ್ಷಗಳಲ್ಲಿ ಭೂಮಿಯ ಸರಾಸರಿ ಉಷ್ಣಮಾನವು ೧೮೫೦–೧೯೦೦ರ ಕಾಲಕ್ಕಿಂತ ಸುಮಾರು ೧.೧ ಡಿಗ್ರಿ ಹೆಚ್ಚಾಗಿತ್ತು. ಕಲ್ಲುಗಳು ವರ್ಷಕ್ಕೆ ನುಂಗುವ ವಾಯುವು ಹೆಚ್ಚುಕಡಿಮೆ ಜ್ವಾಲಾಮುಖಿಗಳು ವರ್ಷಕ್ಕೆ ಉಗುಳುವಷ್ಟೇ. ಮನುಷ್ಯರು ವರ್ಷಕ್ಕೆ ಹೊರಹಾಕುವದಾದರೋ ಜ್ವಾಲಾಮುಖಿಗಳದಕ್ಕಿಂತ ಸುಮಾರು ನೂರು ಪಟ್ಟು ಹೆಚ್ಚು. ಸಮುದ್ರವೂ ಗಿಡಮರಗಳೂ ಇದರಲ್ಲಿ ಅರ್ಧದಷ್ಟನ್ನು ಬೇಗನೆ ತೆಗೆದುಕೊಳ್ಳುತ್ತವೆ. ಉಳಿದದ್ದರಲ್ಲಿ ಬಹಳಷ್ಟನ್ನು ಸಮುದ್ರವು ಮೆಲ್ಲಗೆ ಸಾವಿರಾರು ವರ್ಷಗಳಲ್ಲಿ ನುಂಗುವದು. ಕಡೆಗೆ ಮಿಕ್ಕದ್ದನ್ನು ಕಲ್ಲಾಗಿ ಕಟ್ಟಿಡಲು ಮಳೆಗೂ ನದಿಗೂ ಲಕ್ಷಾಂತರ ವರ್ಷಗಳು ಬೇಕು.

ಹೀಗೆ ಕಾವನ್ನು ಹೆಚ್ಚಿಸುವ ಆವಿಯು ಕೆಲವು ದಿನಗಳಲ್ಲಿಯೂ, ಹಿಮವು ಕೆಲವು ವರ್ಷಗಳಲ್ಲಿಯೂ ಉತ್ತರ ಕೊಡುತ್ತವೆ. ಹೊದಿಕೆಯನ್ನು ತೆಳ್ಳಗೆ ಮಾಡಿ ನಮ್ಮನ್ನು ಬಿಡಿಸುವ ಕಲ್ಲು ಮಾತ್ರ ಲಕ್ಷ ವರ್ಷಗಳ ಮೇಲೆ ಉತ್ತರ ಕೊಡುತ್ತದೆ. ಬಾದಾಮಿಯ ಮೂರನೆಯ ಗುಹೆಯಲ್ಲಿ ಮಂಗಲೇಶನ ಶಾಸನವು ಕ್ರಿ. ಶ. ೫೭೮ರದು. ಸಾವಿರದ ನಾಲ್ಕುನೂರು ವರ್ಷಗಳ ಮೇಲೆಯೂ ಅದರ ಅಕ್ಷರಗಳನ್ನು ನಾವು ಓದಬಹುದಾಗಿದೆ. ಅರಸುಮನೆತನಗಳ ಆಯುಷ್ಯಗಳ ಮುಂದೆ ಕಲ್ಲಿನ ನಡೆಯು ಎಷ್ಟು ನಿಧಾನವೆಂದು ತಿಳಿಯಲು ಇಷ್ಟು ಸಾಕು.

ಆ ಲಕ್ಷ ವರ್ಷಗಳ ನಡುವಿನ ವೇಳೆಯಲ್ಲಿ ಬಾಳಬೇಕಾದವರು ನಾವು. ನಮ್ಮದು ವರ್ಷಕ್ಕೆ ಐನೂರು ಆರುನೂರು ಮಿಲಿಮೀಟರ್ ಮಳೆಯ ಸೀಮೆ. ೧೮೭೬–೭೮ರ ಬರದಲ್ಲಿ ಅಂದಿನ ಕಲಾದಗಿ ಜಿಲ್ಲೆಯು ಪಟ್ಟ ಪಾಡನ್ನು ನಮ್ಮ ಅಜ್ಜಿಯರು ತಮ್ಮ ಅಜ್ಜಿಯರಿಂದ ಕೇಳಿ ನಮಗೆ ಹೇಳಿದರು. ಕಾದ ಗಾಳಿಯು ಹೊಲದ ತೇವವನ್ನು ಬೇಗ ಹೀರುವದು. ಅದೇ ಗಾಳಿಯು ಹೆಚ್ಚು ಆವಿಯನ್ನು ಹೊತ್ತು ಒಂದೇ ಕಡೆ ಸುರಿಯುವದೂ ಉಂಟು. ೨೦೦೯ರ ನೆರೆಯನ್ನೂ, ೨೦೧೯ರ ಆಗಸ್ಟಿನಲ್ಲಿ ಮಲಪ್ರಭೆಯು ಪಟ್ಟದಕಲ್ಲಿನ ಗುಡಿಗಳೊಳಗೆ ನುಗ್ಗಿದ್ದನ್ನೂ ಈ ಸಂಚಿಕೆಯ ವಾಚಕರಲ್ಲಿ ಅನೇಕರು ಕಣ್ಣಾರೆ ಕಂಡಿದ್ದೀರಿ. ಒಂದೊಂದು ನೆರೆಗೂ ಒಂದೊಂದು ಬರಕ್ಕೂ ಬೇರೆ ಬೇರೆ ಕಾರಣಗಳು ಕೂಡಿಬಂದಿರುತ್ತವೆ. ಆದರೂ ಡಿಗ್ರಿಗೆ ಏಳು ಪಾಲಿನ ಆ ಚಕ್ರಬಡ್ಡಿಯು ಎಲ್ಲದರ ಹಿಂದೆಯೂ ಬೆಳೆಯುತ್ತಲೇ ಇದೆ.

ಆದಕಾರಣ ಹುನಗುಂದದ ಆ ಗೃಹಸ್ಥರಿಗೆ ನನ್ನ ಉತ್ತರವು ಹೀಗಿದೆ. ಯಜಮಾನರೇ, ಭೂಮಿತಾಯಿಯು ಸುಧಾರಿಸಿಕೊಳ್ಳುವಳೆಂದು ನೀವು ಹೇಳಿದ್ದು ಸುಳ್ಳಲ್ಲ. ಅದಕ್ಕೆ ಬಾಗಲಕೋಟೆಯ ಕಲ್ಲೇ ಸಾಕ್ಷಿ. ಆದರೆ ಆಕೆಯು ಒಂದೊಂದು ಸ್ಥಿತಿಯಲ್ಲಿ ಒಂದೊಂದು ಬಗೆಯಾಗಿ ಉತ್ತರ ಕೊಡುವಳು. ಈಗಿನ ಸ್ಥಿತಿಯಲ್ಲಿ ಆಕೆಯ ಬೇಗನೆಯ ಉತ್ತರಗಳಲ್ಲಿ ಹೆಚ್ಚಿನವು ಕಾವನ್ನು ಹೆಚ್ಚಿಸುವಂಥವು. ಹೊದಿಕೆಯನ್ನು ಕಳೆಯುವ ಉತ್ತರವು ನಿಮ್ಮ ಮಗಳ ಮರಿಮಗಳಿಗೂ ಮುಟ್ಟುವಂತಿಲ್ಲ. ನಿಮ್ಮ ಹೊಲದ ಒಡ್ಡು ಒಡೆದರೆ ಮಣ್ಣು ತಾನಾಗಿ ಮತ್ತೆ ಕೂಡೀತೆಂದು ನೀವು ಕೈಕಟ್ಟಿ ಕೂಡುವದಿಲ್ಲ. ಮುಂದಿನ ಮಳೆಗೆ ಮೊದಲೇ ಒಡ್ಡನ್ನು ಹಾಕುತ್ತೀರಿ. ನಮ್ಮ ಹುಡುಗಿಯರು ನಕ್ಷೆಯಲ್ಲಿ ಬರೆದದ್ದೂ ಅಷ್ಟೇ. ಅದು ಅಂಜಿಕೆಯಲ್ಲ, ಒಡ್ಡು ಹಾಕುವವರ ಲೆಕ್ಕ.

ಹಳೆಯ ವಿದ್ಯಾರ್ಥಿನಿಯರಲ್ಲಿ ನನ್ನ ಬಿನ್ನಹವೊಂದಿದೆ. ನಿಮ್ಮಲ್ಲಿ ಬಹುಜನರು ಈಗ ತಾಯಂದಿರು, ಕೆಲವರು ಉಪಾಧ್ಯಾಯಿನಿಯರು. ಲಿಂಬೆಹಣ್ಣು, ಮೂರು ಕಲ್ಲು, ಒಂದು ಮಣ್ಣಿನ ಗಡಿಗೆ ಇಷ್ಟಿದ್ದರೆ ಈ ಪಾಠವನ್ನು ಪಡಸಾಲೆಯಲ್ಲಿ ಕುಳಿತು ಹೇಳಿಕೊಡಬಹುದು. ಹುಡುಗಿಯರು ಪ್ರಶ್ನೆ ಕೇಳಿದಾಗ ದೊಡ್ಡವರ ಮಾತನ್ನು ಮೀರಬೇಡವೆಂದು ಬಾಯಿ ಮುಚ್ಚಿಸದೆ, ಆ ಮಾತಿನಲ್ಲಿ ನಿಜವೆಷ್ಟು, ಉಳಿದದ್ದೆಷ್ಟು ಎಂದು ತೂಗಿ ನೋಡುವದನ್ನು ಕಲಿಸಿರಿ. ನನ್ನ ಬಾಗಿಲಲ್ಲಿ ನಿಂತಿದ್ದ ಆ ಹುಡುಗಿಯು ಸುಣ್ಣಗಲ್ಲಿನ ಚೂರೊಂದನ್ನು ತಂದೆಗೆ ತೋರಿಸಲು ಮನೆಗೆ ಒಯ್ದಿದ್ದಾಳೆ. ಅದನ್ನು ಅವಳು ಇನ್ನೂ ಮರಳಿ ತಂದಿಲ್ಲ, ನಾನೂ ಕೇಳಿಲ್ಲ.